ನಾಲ್ಕನೇ ಜ್ವರದ ಮ್ಯೂಸಿಕ್ಕು

ನಾನು ಕೂತಲ್ಲಿ ಕೂರುವ ಆಸಾಮಿಯಲ್ಲ. ಊಟಕ್ಕೆ ಕೂತರೂ ಒಂದು ಕಾಲು ಕುಣಿಯುತ್ತಲೇ ಇರುತ್ತದೆ ಎಂದು ಹೆಂಡತಿ ಬೈಯುತ್ತಾಳೆ. ಕೆಲಸವೂ ಅಂಥದ್ದೇ ಸಿಕ್ಕಿದೆ. ರೇಷ್ಮೆ ಹುಳದ ಮನೆಗಳಿಗೆ ಬೇಕಾಗುವ ಔಷಧಿ, ಸುಣ್ಣದ ಪುಡಿ, ಬ್ಲೀಚಿಂಗ್ ಪೌಡರು ಇವನ್ನೆಲ್ಲ ಬೈಕಿಗೆ ಕಟ್ಟಿಕೊಂಡು ಕನಕಪುರದಿಂದ ಹೊರಟರೆ ರಾಮನಗರ, ಚನ್ನಪಟ್ಟಣ, ಮಾಗಡಿ ಎಂದು ಸುತ್ತುತ್ತಲೇ ಇರಬೇಕು. ಸುತ್ತುವಾಗ ಒಂದು ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ. ಅದರಲ್ಲಿ ಬರುವುದು ಸಿನಿಮಾ ಹಾಡಲ್ಲ, ಪ್ರವಚನವೂ ಅಲ್ಲ. ಹಳೆಯ ಟಿವಿ ಗೇಮುಗಳ ಮ್ಯೂಸಿಕ್ಕು.

ನಗುವವರು ನಗಲಿ. ನನ್ನ ವಯಸ್ಸಿನವರು ಹಳೆಯ ಚಿತ್ರಗೀತೆ ಕೇಳಿ ಕಣ್ಣೊರೆಸಿಕೊಂಡರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ನಾನು ಟುಯ್ ಟುಯ್ ಕೇಳಿ ತಲೆಯಾಡಿಸಿದರೆ ಮಾತ್ರ ತಲೆ ಕೆಟ್ಟವನು. ಆ ಪೆಟ್ಟಿಗೆಗಳಿಗೆ ಒಂದೇ ಹೊತ್ತಿಗೆ ನುಡಿಸಲು ಬರುತ್ತಿದ್ದದ್ದು ಎರಡು ಮೂರು ದನಿ, ಜೊತೆಗೆ ಬುಸ್ಸೆನ್ನುವ ಒಂದು ಸದ್ದು, ಅಷ್ಟೇ. ಅಷ್ಟರಲ್ಲೇ ಯಾರೋ ಪುಣ್ಯಾತ್ಮರು ನೀರಿಗೊಂದು ರಾಗ, ಮೋಡಕ್ಕೊಂದು ರಾಗ, ಸಾಯುವುದಕ್ಕೊಂದು ರಾಗ ಕಟ್ಟಿದ್ದರು. ಆಟದಲ್ಲಿ ಟೈಮು ಮುಗಿಯುತ್ತ ಬಂದಾಗ ಅದೇ ರಾಗ ಇದ್ದಕ್ಕಿದ್ದಂತೆ ಓಡಲು ಶುರುಮಾಡುತ್ತಿತ್ತು. ಎದೆ ಹೊಡೆದುಕೊಂಡು, ಬೆರಳು ಬೆವೆತು, ಸಲೀಸಾಗಿ ದಾಟುವ ಗುಂಡಿಗೂ ಬೀಳುತ್ತಿದ್ದೆವು. ಅಕ್ಕನ ಆಪರೇಷನ್ನಿಗೆ ದಿನ ಗೊತ್ತಾದಾಗಿನಿಂದ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಆ ಅವಸರದ ಮ್ಯೂಸಿಕ್ಕೇ.

ಅಕ್ಕ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಚನ್ನಪಟ್ಟಣದ ಆಚೆ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಅವಳೂ ಭಾವನೂ ಹಿಪ್ಪುನೇರಳೆ ಬೆಳೆದು ಹುಳ ಸಾಕುತ್ತಾರೆ. ಅಕ್ಕನ ಗಂಟಲು ಊರಿಗೆಲ್ಲ ಗೊತ್ತು. ಮನೆ ಬಾಗಿಲಲ್ಲಿ ನಿಂತು ಕೂಗಿದರೆ ತೋಟದ ಆ ತುದಿಯಲ್ಲಿರುವ ಭಾವ ಕುಡುಗೋಲು ಕೆಳಗಿಟ್ಟು ಓಡಿ ಬರಬೇಕು. ಮದುವೆ ಮನೆಗಳಲ್ಲಿ ಸೋಬಾನೆ ಹಾಡಲು ಅವಳಿಗೆ ಮುಂಚಿತವಾಗಿ ಹೇಳಿಟ್ಟು ಕರೆದುಕೊಂಡು ಹೋಗುತ್ತಾರೆ. ಹೋದ ವರ್ಷ ಅವಳ ಕತ್ತಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಥೈರಾಯ್ಡಿನ ಗಡ್ಡೆ, ಕೆಟ್ಟದ್ದಲ್ಲ, ಆದರೆ ಬೆಳೆಯುತ್ತಿದೆ, ತೆಗೆಯಬೇಕು ಎಂದರು ಬೆಂಗಳೂರಿನ ಡಾಕ್ಟರು.

ನಾನು ಜೊತೆಗೇ ಹೋಗಿದ್ದೆ. ಡಾಕ್ಟರು ಒಳ್ಳೆಯವರು, ಒಂದು ಕಾಗದದ ಮೇಲೆ ಗಂಟಲಿನ ಚಿತ್ರ ಬರೆದು ಬಿಡಿಸಿ ಹೇಳಿದರು. "ಧ್ವನಿಯ ನರ ಇದರ ಪಕ್ಕದಲ್ಲೇ ಹೋಗುತ್ತದಮ್ಮ. ತುಂಬ ಹುಷಾರಾಗಿ ಮಾಡುತ್ತೇವೆ. ಆದರೂ ಕೆಲವರಿಗೆ ಕೆಲವು ತಿಂಗಳು ಗಂಟಲು ಒಡೆದ ಹಾಗೆ ಇರುತ್ತದೆ. ತೀರಾ ಅಪರೂಪಕ್ಕೆ ಹಾಗೇ ಉಳಿದುಬಿಡುತ್ತದೆ."

ಅಕ್ಕ ಚಿತ್ರವನ್ನು ನೋಡಿದಳು. ಆಮೇಲೆ, "ಆಗ್ಲೇ ಹುಳ ಬಿಟ್ಟಿವ್ನಿ ಸಾರ್. ಗೂಡು ಬಿಡ್ಸೋಗಂಟ ಒಸಿ ತಡೀಬೋದಾ?" ಎಂದು ಕೇಳಿದಳು. ಡಾಕ್ಟರು ನಕ್ಕು, ಆಗಲಿ ಎಂದು ಆಪರೇಷನ್ನಿಗೆ ಒಂದು ದಿನ ಗೊತ್ತುಮಾಡಿ ಕೊಟ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ಬಿಡದಿ ದಾಟುವವರೆಗೂ ಅವಳು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದಳು. ನನ್ನ ಕಾಲು ಕುಣಿಯುತ್ತಿತ್ತು. "ಒಸಿ ನಿಲ್ಸ್ಲಾ ಅದ್ನ" ಎಂದಳು ಒಂದು ಸಲ, ಅಷ್ಟೇ ಮಾತು.

ನನಗೆ ಭಯವಾಗಿದ್ದು ಅಕ್ಕನ ಗಂಟಲಿನ ಬಗ್ಗೆ ಎಂಬುದು ನಿಜ. ಆದರೆ ಆ ಗಂಟಲಿನಲ್ಲಿ ನನ್ನದೂ ಒಂದು ಸ್ವತ್ತು ಇತ್ತು. ಅದನ್ನು ಹೇಳಬೇಕಾದರೆ ನಮ್ಮ ಹಳೆಯ ಮನೆಗೆ ಹೋಗಬೇಕು.

ಕನಕಪುರ ತಾಲ್ಲೂಕಿನ ನಮ್ಮ ಮನೆಯಲ್ಲಿ ಆಗ ಹುಳಕ್ಕೆ ಬೇರೆ ಶೆಡ್ಡು ಇರಲಿಲ್ಲ. ನಡುಮನೆಯೇ ಹುಳದ ಮನೆ. ಬಿದಿರಿನ ತಟ್ಟೆಗಳನ್ನು ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಜೋಡಿಸಿ, ಮಿಕ್ಕ ಜಾಗದಲ್ಲಿ ನಾವು ಮಲಗುತ್ತಿದ್ದೆವು. ಹುಳ ಸೊಪ್ಪು ಮೇಯುವ ಸದ್ದು ಸಣ್ಣ ಮಳೆ ಹುಯ್ದ ಹಾಗೆ ಬರುತ್ತಿತ್ತು. ಪ್ಲಗ್ಗು ಇದ್ದದ್ದು ಆ ಕೋಣೆಗೆ ಮಾತ್ರ, ಹಾಗಾಗಿ ಟಿವಿಯೂ ಅಲ್ಲೇ. ಒಂದು ಬೇಸಿಗೆ ಗೂಡು ಚೆನ್ನಾಗಿ ಬಂದು, ರಾಮನಗರದ ಮಾರ್ಕೆಟ್ಟಿನಲ್ಲಿ ಒಳ್ಳೆಯ ರೇಟಿಗೆ ಹೋಗಿ, ಅಪ್ಪ ಖುಷಿಯಲ್ಲಿ ಚನ್ನಪಟ್ಟಣದ ಹೆದ್ದಾರಿ ಅಂಗಡಿಯಿಂದ ನಮಗೆ ಏನಾದರೂ ತರಲು ಹೋದರು. ಅಂಗಡಿ ತುಂಬ ಬಣ್ಣದ ಮರದ ಬೊಂಬೆಗಳು. ಅವುಗಳ ನಡುವೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ನೇತುಹಾಕಿದ್ದರಂತೆ. "ಬೊಂಬೆ ಆಡೋ ವಯಸ್ಸು ಕಳೀತಲ್ಲ ಅಂತ ಇದ್ನ ತಂದೆ" ಎಂದು ಅದನ್ನು ನಮ್ಮ ಮುಂದೆ ಇಟ್ಟರು.

ಅದರ ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಆಟ ಇದೆಯೆಂದು ಬರೆದಿತ್ತು. ಇದ್ದದ್ದು ಬೆರಳಲ್ಲಿ ಎಣಿಸುವಷ್ಟು, ಅವೇ ಮತ್ತೆ ಮತ್ತೆ ಬೇರೆ ಬಣ್ಣದಲ್ಲಿ ಬರುತ್ತಿದ್ದವು. ಒಂದು ಆಟ ಮಾತ್ರ ನಮ್ಮನ್ನು ಹಿಡಿದುಕೊಂಡಿತು. ನೀಲಿ ಅಂಗಿಯ ಒಬ್ಬ ಗಿಡ್ಡ, ಕೈಯಲ್ಲಿ ದೀಪ ಹಿಡಿದು ಕಾಡು, ನೀರು, ಮೋಡ, ಮಂಜು ಎಲ್ಲ ದಾಟಿ ಕೊನೆಗೆ ಒಂದು ಕೋಟೆಯೊಳಗೆ ಹೋಗಬೇಕು. ರಿಮೋಟ್ ಹಿಡಿಯುವುದು ನಾನು. ಅಕ್ಕ ಪಕ್ಕದಲ್ಲಿ ಕೂತು ಮಣೆಯ ಮೇಲೆ ಸೊಪ್ಪು ಹೆಚ್ಚುತ್ತ ನೋಡುತ್ತಿದ್ದಳು. "ನೀನೂ ಆಡು" ಎಂದರೆ, "ನಿನ್ ಆಟ ನೋಡುದ್ರೆ ಸಾಕು, ನಗು ಬತ್ತದೆ" ಎನ್ನುತ್ತಿದ್ದಳು.

ಈಗ ಜ್ವರದ ವಿಷಯ. ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳ ತಲೆಯೆತ್ತಿಕೊಂಡು ಅಲುಗಾಡದೆ ಇರುತ್ತದೆ, ಮೇಯುವುದಿಲ್ಲ. ಮಳೆ ನಿಂತ ಹಾಗೆ ಮನೆಯಲ್ಲಿ ಸದ್ದೇ ಅಡಗಿಬಿಡುತ್ತದೆ. ಆಗ ಅಮ್ಮನ ಕಾನೂನು ಜಾರಿಗೆ ಬರುತ್ತಿತ್ತು. ಒಗ್ಗರಣೆ ಘಾಟು ಇಲ್ಲ, ಊದುಬತ್ತಿ ಇಲ್ಲ, ಜೋರು ಮಾತಿಲ್ಲ. "ಜ್ವರ ಬಂದೋರ್ ಮನೇಲಿ ಗಲಾಟೆ ಮಾಡ್ತಾರೇನ್ರಲಾ?" ಎಂದು ಟಿವಿಯ ದನಿಯನ್ನು ಪೂರ್ತಿ ಇಳಿಸಿಬಿಡುತ್ತಿದ್ದರು. ಈ ಕೆಲಸಕ್ಕೆ ಸೇರಿದ ಮೇಲೆ ತರಬೇತಿಯಲ್ಲಿ, ಟಿವಿ ಸದ್ದಿನಿಂದ ಹುಳಕ್ಕೇನೂ ಆಗುವುದಿಲ್ಲ ಎಂದು ಹೇಳಿಕೊಟ್ಟರು. ಅಮ್ಮನಿಗೆ ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ.

ನಮಗೆ ಬಿಡುವು ಸಿಗುತ್ತಿದ್ದದ್ದೇ ಜ್ವರದ ದಿನ. ಮಿಕ್ಕ ದಿನವೆಲ್ಲ ಸೊಪ್ಪು ತರುವುದು, ಹೆಚ್ಚುವುದು, ಕಸ ತೆಗೆಯುವುದು. ಎರಡು ಬೆಳೆಯ ನಡುವೆ ಮನೆ ತೊಳೆದು ಔಷಧಿ ಹೊಡೆಯುವಾಗ ಟಿವಿಗೆ ಗೋಣಿಚೀಲ ಹೊದಿಸಿ ಕಣಜದ ಮಗ್ಗುಲಿಗೆ ತಳ್ಳಿಬಿಡುತ್ತಿದ್ದರು. ಬಿಡುವಿಲ್ಲದ ದಿನ ಸದ್ದು ಇಟ್ಟುಕೊಂಡು ಒಂದಿಷ್ಟು ಆಡಬಹುದು, ಆದರೆ ಕಾಡು, ನೀರು, ಮೋಡ ಕಳೆದು ಮಂಜು ಮುಟ್ಟುವಷ್ಟರಲ್ಲಿ ಅಮ್ಮ ಕರೆಯುತ್ತಿದ್ದರು. ಆ ಆಟದಲ್ಲಿ ನಿಲ್ಲಿಸಿದ ಕಡೆಯಿಂದ ಮುಂದುವರಿಸುವ ಸೌಲಭ್ಯ ಇರಲಿಲ್ಲ, ಪ್ರತಿ ಸಲವೂ ಮೊದಲಿಂದಲೇ. ಕೋಟೆ ಮುಟ್ಟಬೇಕಾದರೆ ಒಂದು ಇಡೀ ಮಧ್ಯಾಹ್ನ ಬೇಕು. ಇಡೀ ಮಧ್ಯಾಹ್ನ ಸಿಗುತ್ತಿದ್ದದ್ದು ಎಲ್ಲಕ್ಕಿಂತ ಹೆಚ್ಚು ಹೊತ್ತು ಇರುವ ನಾಲ್ಕನೇ ಜ್ವರದಲ್ಲಿ, ಅಂದರೆ ಟಿವಿ ಮೂಕಾಗಿರುವಾಗ.

ಸದ್ದಿಲ್ಲದೆ ಆಡಲು ನನ್ನಿಂದಾಗುತ್ತಿರಲಿಲ್ಲ. ಹಾರುವ ಹೊತ್ತು ತಪ್ಪುತ್ತಿತ್ತು. ಮೂರು ನಾಲ್ಕು ಸಲ ಸತ್ತು, ರಿಮೋಟ್ ಎಸೆದು, ತಟ್ಟೆ ತೊಳೆಯುತ್ತಿದ್ದ ಅಮ್ಮನಿಂದ ಒಂದು ಏಟು ತಿಂದ ಮೇಲೆ, ಅಕ್ಕ ಮೆಲ್ಲಗೆ ಬಾಯಲ್ಲೇ ಮ್ಯೂಸಿಕ್ ಶುರುಮಾಡಿದಳು. ತುಟಿ ಮುಚ್ಚಿ, ಮೂಗಿನಲ್ಲಿ, ಹುಳಕ್ಕೆ ಕೇಳಿಸದಷ್ಟು. ಕಾಡಿನದು, ನೀರಿನದು, ಮೋಡದ್ದು, ಮಂಜಿನದು ಎಲ್ಲ ಅವಳಿಗೆ ಬಾಯಿಪಾಠ ಆಗಿತ್ತು. ಗುಂಡಿ ಬರುವ ಮುಂಚೆ ಒಸಿ ಒತ್ತಿ ಹೇಳುತ್ತಿದ್ದಳು. ಅವಳ ದನಿಯ ಮೇಲೆ ಕಾಲಿಟ್ಟುಕೊಂಡು ನಾನು ಮೊದಲ ಸಲ ಕೋಟೆ ಮುಟ್ಟಿದೆ.

ಕೋಟೆಯಲ್ಲಿ ಕಬ್ಬಿಣದ ಗುಂಡುಗಳು ಸರಪಳಿಯಲ್ಲಿ ತೂಗುತ್ತಿದ್ದವು. ಒಂದು ಕ್ಷಣ ಮಾತ್ರ ದಾರಿ ಬಿಡುತ್ತಿದ್ದವು. ಅಕ್ಕ ಒಂದು ಉಸಿರೆಳೆದುಕೊಂಡು ಅಲ್ಲಿಗೂ ಒಂದು ರಾಗ ಹೇಳಿದಳು. ತಗ್ಗಿನಲ್ಲಿ ಶುರುವಾಗಿ ಮೆಟ್ಟಿಲು ಹತ್ತಿದ ಹಾಗೆ ಹತ್ತಿ, ಮೇಲೆ ಹೋಗಿ ಗಪ್ಪನೆ ನಿಲ್ಲುತ್ತಿತ್ತು. ಅಲ್ಲಿ ಅವಳು ಉಸಿರು ತೆಗೆದುಕೊಳ್ಳುತ್ತಿದ್ದಳು. ಆಮೇಲೆ ಇಳಿಯುತ್ತಿತ್ತು. ನಾನು ಹಾರಬೇಕಾದದ್ದು ಅವಳು ಉಸಿರು ತೆಗೆದುಕೊಳ್ಳುವ ಆ ಖಾಲಿ ಜಾಗದಲ್ಲಿ. ನಮ್ಮಿಬ್ಬರ ನಡುವೆ ಮಾತಾಡಿಕೊಳ್ಳದೆಯೇ ಆದ ಒಪ್ಪಂದ ಅದು. ದನಿ ನಿಂತರೆ ಹಾರು. ಆ ಬೇಸಿಗೆಯಲ್ಲಿ ಎರಡು ಬೆಳೆ ತೆಗೆದೆವು, ಕೆಲವು ಸಲ ಕೋಟೆಯ ಒಳಗೆ ಹೋದೆವು, ಕೊನೆಯ ಬಾಗಿಲು ದಾಟಲಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ವೋಲ್ಟೇಜು ಏರಿ ಅಡಾಪ್ಟರು ಸುಟ್ಟು, ಪೆಟ್ಟಿಗೆಯೂ ಅದರ ಜೊತೆಗೆ ಹೋಯಿತು.

ಇಷ್ಟು ವರ್ಷ ನಾನು ಆ ಕೋಟೆಯ ರಾಗವನ್ನು ಆಟದ್ದೇ ಎಂದು ತಿಳಿದಿದ್ದೆ. ಅಕ್ಕ ಎಲ್ಲೋ ಕೇಳಿರಬೇಕು, ಅದನ್ನೇ ಹೇಳುತ್ತಾಳೆ ಎಂದು. ಫೋನಿನಲ್ಲಿ ಇಂಥ ಮ್ಯೂಸಿಕ್ಕನ್ನೆಲ್ಲ ಪೇರಿಸಿಡುವ ನನ್ನಂಥ ಹುಚ್ಚರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಗಿಡ್ಡನ ಆಟ ಮಾತ್ರ ವರ್ಷಗಟ್ಟಲೆ ಸಿಕ್ಕಿರಲಿಲ್ಲ. ಅದರ ಹೆಸರೇ ನಮಗೆ ಗೊತ್ತಿರಲಿಲ್ಲ, ಕ್ಯಾಸೆಟ್ಟಿನಲ್ಲಿ ಅದು ಬರೀ ನಂಬರು. ಡಾಕ್ಟರು ದಿನ ಕೊಟ್ಟ ವಾರದಲ್ಲೇ ಅದು ಸಿಕ್ಕಿತು. ಮಾಗಡಿ ರಸ್ತೆಯಲ್ಲಿ ಒಂದು ಟೀ ಅಂಗಡಿ ಮುಂದೆ ಬೈಕ್ ನಿಲ್ಲಿಸಿ ಕೇಳಿದೆ. ಕಾಡಿನದು ಅದೇ. ನೀರಿನದು, ಮೋಡದ್ದು, ಮಂಜಿನದು ಅದೇ. ಖುಷಿಗೆ ಟೀ ಆರಿಹೋಯಿತು. ಕೋಟೆಯದಕ್ಕೆ ಬಂದರೆ ಅಲ್ಲಿ ರಾಗವೇ ಇಲ್ಲ. ದಡ್ ದಡ್ ಎಂಬ ಎರಡೇ ಸದ್ದು, ಕೊನೆಯವರೆಗೂ.

ಮೋಸ ಅಂದುಕೊಂಡೆ. ಯಾರೋ ತಪ್ಪು ಹಾಕಿದ್ದಾರೆ ಎಂದು ಬೇರೆ ಬೇರೆ ಕಡೆ ಹುಡುಕಿದೆ. ಎಲ್ಲ ಕಡೆಯೂ ದಡ್ ದಡ್. ಆಮೇಲೆ ನಿಧಾನವಾಗಿ ಹೊಳೆಯಿತು. ನಮ್ಮ ಮನೆಯಲ್ಲಿ ಕೋಟೆ ಬಂದಾಗೆಲ್ಲ ಟಿವಿ ಮೂಕಾಗಿತ್ತು. ಅಕ್ಕ ಅದನ್ನು ಕೇಳಿದ್ದೇ ಇಲ್ಲ. ಅವಳೇ ಕಟ್ಟಿದ್ದು. ಇಷ್ಟು ವರ್ಷ ನಾನು ಜಗತ್ತಿನಲ್ಲೆಲ್ಲ ಹುಡುಕುತ್ತಿದ್ದ ರಾಗ ಇದ್ದದ್ದು ಒಂದೇ ಕಡೆ, ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದ ಆ ಗಂಟಲಿನಲ್ಲಿ. ನನಗೋ ಅದು ಅರ್ಧ ಮಾತ್ರ ನೆನಪಿದೆ. ಹತ್ತುವುದು ಬರುತ್ತದೆ, ನಿಲ್ಲುವುದು ಬರುತ್ತದೆ, ಇಳಿಯುವುದು ಬರುವುದಿಲ್ಲ.

ಅಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕ, ಕೋಟೆ ಮ್ಯೂಸಿಕ್ ಹೇಳ್ತಿದ್ದೆಯಲ್ಲ, ಅದನ್ನ ಒಂದ್ಸಲ ಹೇಳು. ರೆಕಾರ್ಡ್ ಮಾಡ್ಕತೀನಿ."

"ಯಾಕ್ಲಾ, ನಿನ್ ಫೋನಲ್ಲಿ ಎಲ್ಲಾ ಐತಲ್ಲ?"

"ಅದೊಂದಿಲ್ಲ. ಆಟದಲ್ಲೇ ಇಲ್ಲ ಕಣಕ್ಕ ಅದು. ನೀನೇ ಮಾಡಿದ್ದು."

"ಹೋಗ್ಲಾ. ಟೀವೀಲಿ ಬಂದಿದ್ದೇ ಹೇಳ್ತಿದ್ದೆ ನಾನು" ಎಂದಳು.

"ಟೀವಿ ಸೌಂಡೇ ಇರ್ತಿರಲಿಲ್ಲ. ನೆನಪು ಮಾಡ್ಕೊ. ಅಮ್ಮ ಇಳಿಸ್ಬುಡೋರು."

"ನಂದಾದ್ರೆ ಬುಡು ಅತ್ಲಾಗೆ. ಏನೈತೆ ಅದ್ರಲ್ಲಿ" ಎಂದಳು. ನಾನು ಬಿಡಲಿಲ್ಲ. ಆಪರೇಷನ್ನಿಗೆ ಮುಂಚೆ ಬೇಕು, ಈಗಲೇ ಬೇಕು, ಒಂದು ನಿಮಿಷದ ಕೆಲಸ ಎಂದು ಪೀಡಿಸಿದೆ. ಆಗ ಅವಳಿಗೆ ರೇಗಿತು. "ಏನ್ಲಾ ನಿಂದು? ನಾನೇನ್ ಸತ್ತೋಯ್ತೀನಾ? ರೆಕಾರ್ಡ್ ಮಾಡಿ ತಿಥಿಗೆ ಹಾಕೋಕಾ?" ಎಂದಳು. ಆಮೇಲೆ ದನಿ ಇಳಿಸಿ, "ಸುಮ್ಕೆ ಕುಂತ್ಕಂಡು ಹೇಳು ಅಂದ್ರೆ ಹೆಂಗ್ಲಾ ಬತ್ತದೆ? ಆಟ ನೋಡುದ್ರೆ ಬತ್ತದೇನೋ" ಎಂದು ಫೋನ್ ಇಟ್ಟಳು.

ಸರಿ, ಆಟ ತೋರಿಸುತ್ತೇನೆ ಎಂದು ಹೊರಟೆ. ಫೋನಿನಲ್ಲೇ ಆಡಬಹುದಿತ್ತು, ಆದರೆ ಅಂಗೈಯಗಲದ ಪರದೆಯನ್ನು ಅಕ್ಕ ನೋಡುವುದಿಲ್ಲ, ಬೆರಳಿಗೆ ಗುಂಡಿ ಸಿಗದೆ ನನಗೆ ಆಡಲೂ ಬರುವುದಿಲ್ಲ. ಚನ್ನಪಟ್ಟಣದ ಹೆದ್ದಾರಿ ಅಂಗಡಿಗಳಲ್ಲಿ ವಿಚಾರಿಸಿದೆ. ಮರದ ಕುದುರೆ, ಮರದ ರೈಲು, ಬಣ್ಣದ ಬುಗುರಿ, ಎಲ್ಲ ಹಾಗೇ ಇವೆ. ಪ್ಲಾಸ್ಟಿಕ್ ಪೆಟ್ಟಿಗೆ ಮಾತ್ರ ನಿರ್ನಾಮ. ಒಬ್ಬ ಮುದುಕ ಸಾಹೇಬರು, "ಓ ಪೂರಾ ಬಂದ್ ಹೋಗಯಾ ಸಾಬ್. ಮರದ್ದು ತಗೊಂಡೋಗಿ, ಇದ್ಕೆ ಅಡಾಪ್ಟರ್ ಬೇಡ" ಎಂದು ಬುಗುರಿಯೊಂದನ್ನು ನನ್ನ ಕೈಯಲ್ಲಿಟ್ಟರು. ರಾಮನಗರದಲ್ಲಿ ಸುತ್ತಿದೆ. ಔಷಧಿ ಕೊಡಬೇಕಾದ ಮನೆಗಳಿಗೆ ತಡವಾಗಿ ಹೋಗಿ ಬೈಸಿಕೊಂಡೆ. ಒಂದು ಕಡೆ ಬ್ಲೀಚಿಂಗ್ ಕೊಡುವಲ್ಲಿ ಸುಣ್ಣ ಕೊಟ್ಟು ಬಂದೆ. ಕೊನೆಗೆ ಮಾಗಡಿಯಲ್ಲಿ ಒಬ್ಬ ಟಿವಿ ರಿಪೇರಿಯವನ ಅಟ್ಟದ ಮೇಲೆ, ಹಳೆಯ ಪಿಕ್ಚರ್ ಟ್ಯೂಬುಗಳ ಹಿಂದೆ ಅಂಥದ್ದೇ ಒಂದು ಪೆಟ್ಟಿಗೆ ಕ್ಯಾಸೆಟ್ಟಿನ ಸಮೇತ ಸಿಕ್ಕಿತು. ಕ್ಯಾಸೆಟ್ಟನ್ನು ಹಿಂದೆ ಮಾಡುತ್ತಿದ್ದ ಹಾಗೆಯೇ ಬಾಯಲ್ಲಿ ಊದಿ ಒಳಗೆ ತುರುಕಿದೆ. ಗಿಡ್ಡ ಬಂದು ದೀಪ ಹಿಡಿದು ನಿಂತ.

ಅಕ್ಕನ ಹುಳ ನಾಲ್ಕನೇ ಜ್ವರಕ್ಕೆ ಕೂತ ದಿನ ನೋಡಿಕೊಂಡು ಹೋದೆ. ಅವಳಿಗೆ ಬಿಡುವು ಸಿಗುವುದು ಅವತ್ತೇ ಎಂದು ನನಗೆ ಗೊತ್ತು. ಅವರ ಹುಳದ ಶೆಡ್ಡು ಮನೆಯಿಂದ ದೂರ, ತೆಂಗಿನ ಮರಗಳ ಆಚೆ ಇದೆ. ಆದರೂ ನಾನು ಟಿವಿ ಹಾಕುತ್ತಿದ್ದ ಹಾಗೆ ಅವಳು ಟಿವಿಯ ರಿಮೋಟ್ ತೆಗೆದುಕೊಂಡು ದನಿಯನ್ನು ಸೊನ್ನೆಗೆ ಇಳಿಸಿದಳು. "ಜ್ವರ ಕುಂತವೆ ಕಣ್ಲಾ" ಎಂದಳು. ಸದ್ಯ, ಅದೇ ಬೇಕಾಗಿತ್ತು ನನಗೆ. ಫೋನನ್ನು ಕಿಟಕಿಯ ಮೇಲಿಟ್ಟು ರೆಕಾರ್ಡಿಂಗ್ ಒತ್ತಿದೆ.

ಕಾಡು ಶುರುವಾಯಿತು. ಅಕ್ಕ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಗಿಡ್ಡ ನಾಲ್ಕು ಹೆಜ್ಜೆ ಓಡುವುದರೊಳಗೆ ಅವಳ ಮೂಗಿನಿಂದ ಮ್ಯೂಸಿಕ್ ಹೊರಟಿತು, ಅವಳಿಗೇ ಗೊತ್ತಿಲ್ಲದ ಹಾಗೆ. ದನಿ ಹಾಗೇ ಇತ್ತು, ಮೇಲಿನದು ಮೇಲೆ, ಕೆಳಗಿನದು ಕೆಳಗೆ. ಹಾಗೇ ಇಲ್ಲದ್ದು ನನ್ನ ಬೆರಳು. ಕಾಡಿನಲ್ಲಿ ಸತ್ತೆ. ನೀರಿನಲ್ಲಿ ಸತ್ತೆ. ಮೋಡದ ಮೇಲಿಂದ ಎಷ್ಟು ಸಲ ಬಿದ್ದೆನೋ. ಅಕ್ಕ ನಗುತ್ತ ನಗುತ್ತ ಕಾಯಿ ಸುಲಿಯುವುದನ್ನೇ ಬಿಟ್ಟಳು. ಮಧ್ಯಾಹ್ನ ಇಳಿಯಿತು, ಭಾವ ಶೆಡ್ಡಿನಿಂದ ಬಂದು ಇಣುಕಿ ನೋಡಿ ಹೋದರು, ನಾನು ಮಂಜಿನವರೆಗೂ ಹೋಗಲಿಲ್ಲ.

ನನಗೆ ಸಿಟ್ಟು ಬಂತು, ಬೆರಳಿನ ಮೇಲೆ ಬಂದದ್ದು ಅವಳ ಮೇಲೆ ಹೋಯಿತು. "ಇವತ್ತು ಆಗಲ್ಲ. ಕೋಟೇದು ಹಂಗೇ ಹೇಳ್ಬುಡಕ್ಕ" ಎಂದೆ.

"ಕೋಟೆ ಎಲ್ಲೈತೆ? ನೀನಿನ್ನೂ ಮೋಡದ ಮ್ಯಾಲೇ ಇದ್ದೀಯಲ್ಲ."

"ತಮಾಷೆ ಮಾಡ್ಬೇಡ. ಆಪರೇಷನ್ ಆದ್ಮೇಲೆ ಏನಾಯ್ತದೋ ಯಾರಿಗ್ ಗೊತ್ತು?"

ಬಾಯಿಂದ ಬಂದ ಮೇಲೆ ಏನು ಹೇಳಿದೆ ಎಂದು ಗೊತ್ತಾಯಿತು. ಅಕ್ಕ ಕಾಯಿಯ ಮೊರ ಪಕ್ಕಕ್ಕಿಟ್ಟಳು. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ. "ನಂಗೂ ಗೊತ್ತಿಲ್ಲ. ಅದ್ಕೇ ಹೇಳಲ್ಲ" ಎಂದಳು. "ಇವತ್ತು ಹೇಳ್ಬುಟ್ರೆ ಮುಗೀತು ಅನ್ನಂಗೆ ಆಯ್ತದೆ. ನಂಗದು ಬ್ಯಾಡ. ಆಡೋದ್ ಕಲ್ತ್ಕಂಡ್ ಬಾ. ಆಪ್ರೇಶನ್ ಆದ್ಮೇಲೆ ಕೋಟೆಗೆ ಕರ್ಕಂಡೋಗು, ಹೇಳ್ತೀನಿ."

ಫೋನಿನಲ್ಲಿ ಉಳಿದದ್ದು ಕಾಡು, ನೀರು, ಮೋಡ, ಮತ್ತೆ ಮತ್ತೆ ಕಾಡು, ನಡುವೆ ನನ್ನ ಬೈಗುಳ. ಬೈಕಿನಲ್ಲಿ ವಾಪಸು ಬರುವಾಗ ಅವಳ ಹಟಕ್ಕೆ ಹಲ್ಲು ಕಡಿಯುತ್ತ ಬಂದೆ.

ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿ ಬಂದ ಮೇಲೆ ಆಪರೇಷನ್ ಆಯಿತು. ಗಡ್ಡೆ ಪೂರ್ತಿ ಬಂತು, ಕೆಟ್ಟದ್ದೇನೂ ಇಲ್ಲ, ಜೀವಕ್ಕೆ ಏನೂ ಯೋಚನೆಯಿಲ್ಲ ಎಂದರು. ವಾರ್ಡಿನಲ್ಲಿ ನಾನು ಹತ್ತಿರ ಹೋಗಿ ನಿಂತಾಗ ಅಕ್ಕ ನನ್ನ ಹೆಸರು ಕರೆಯಲು ಬಾಯಿ ತೆರೆದಳು. ಬಂದದ್ದು ಬರೀ ಗಾಳಿ. ಅವಳ ಕಣ್ಣು ದೊಡ್ಡದಾಯಿತು. ನಾನು ಮಂಚದ ಸರಳು ಹಿಡಿದುಕೊಂಡು ಏನೇನೋ ಹೇಳಿದೆ, ನೀರು ಬೇಕಾ, ದಿಂಬು ಸರಿ ಇದೆಯಾ ಎಂದು. ಡಾಕ್ಟರು ಒಂದು ಕಡೆಯ ನರ ಸೊರಗಿದೆ, ತುಂಡಾಗಿಲ್ಲ, ಚೇತರಿಸಿಕೊಳ್ಳಬಹುದು ಎಂದರು. ದಿನಾ ಒಸಿ ಒಸಿ ದನಿ ತೆಗೆದು ಅಭ್ಯಾಸ ಮಾಡಬೇಕು, ಗುನುಗಬೇಕು, ಸುಮ್ಮನೆ ಕೂರಬಾರದು ಎಂದು ಒತ್ತಿ ಹೇಳಿ ಕಳಿಸಿದರು.

ಅಕ್ಕ ಸುಮ್ಮನೆ ಕೂತಳು. ತಿಂಗಳು ಕಳೆದ ಮೇಲೆ ಗಾಳಿಯ ಜೊತೆಗೆ ಒಂದು ಒಡಕು ದನಿ ಬರತೊಡಗಿತಂತೆ. ಅದನ್ನು ಕೇಳಿ ಅವಳಿಗೇ ಅಸಹ್ಯವಾಯಿತು. ಭಾವನನ್ನು ಕರೆಯಬೇಕಾದರೆ ಬಾಗಿಲಲ್ಲಿ ನಿಂತು ಚಪ್ಪಾಳೆ ಹೊಡೆಯುತ್ತಿದ್ದಳು. ಮದುವೆಗೆ ಕರೆಯಲು ಬಂದವರ ಎದುರು ಕತ್ತು ತೋರಿಸಿ ಕೈಯಾಡಿಸುತ್ತಿದ್ದಳು. "ಅಭ್ಯಾಸ ಮಾಡು ಅಂದ್ರೆ ಮಕ ತಿರುಗುಸ್ತಾಳೆ. ನೀನಾದ್ರೂ ಹೇಳು ಮಾರಾಯ" ಎಂದು ಭಾವ ನನಗೆ ಫೋನ್ ಮಾಡಿದರು. ನಾನು ಹೇಳಿದರೆ ಕೇಳುವವಳಾಗಿದ್ದರೆ ಯಾವಾಗಲೋ ಕೇಳುತ್ತಿದ್ದಳು.

ಹಾಗಾಗಿ ನಾನು ಹೇಳಲಿಲ್ಲ. ಆಡುವುದನ್ನು ಕಲಿತೆ. ಕೆಲಸದಿಂದ ಬಂದು ಶೂ ಬಿಚ್ಚುವ ಮುಂಚೆ ಟಿವಿ ಹಾಕುತ್ತಿದ್ದೆ, ದನಿ ಇಳಿಸಿ. ಫೋನಿನಲ್ಲಿದ್ದ ಅಕ್ಕನ ಕಾಡು, ನೀರು, ಮೋಡ ಹಾಕಿಕೊಂಡು ಅದಕ್ಕೆ ಸರಿಯಾಗಿ ಹಾರುತ್ತಿದ್ದೆ. "ಮಕ್ಳು ಮೊಬೈಲ್ ಹಿಡಿದ್ರೆ ಬೈಯೋ ನೀವೇ ಹಿಂಗಾದ್ರೆ ಹೆಂಗೆ?" ಎಂದು ಹೆಂಡತಿ ಆಡಿಕೊಂಡಳು. ಯಾಕೆ ಎಂದು ಹೇಳಿದ ಮೇಲೆ ಆಡಿಕೊಳ್ಳುವುದನ್ನು ಬಿಟ್ಟು ಕಾಫಿ ತಂದಿಡಲು ಶುರುಮಾಡಿದಳು. ನೀರು ದಾಟಿದೆ. ಮೋಡ ದಾಟಿದೆ. ಮಂಜಿನಲ್ಲಿ ವಾರಗಟ್ಟಲೆ ಜಾರಿ ಬಿದ್ದೆ. ಒಂದು ಸಂಜೆ ಕೋಟೆಯ ಬಾಗಿಲು ಕಂಡಿತು. ಒಳಗೆ ಹೋಗಲಿಲ್ಲ, ಸ್ವಿಚ್ ಆರಿಸಿಬಿಟ್ಟೆ. ಒಳಗೆ ಹೋಗುವುದೇನಿದ್ದರೂ ಅವಳ ಮುಂದೆ.

ಅವರ ಮುಂದಿನ ಬೆಳೆಯ ನಾಲ್ಕನೇ ಜ್ವರಕ್ಕೆ ಪೆಟ್ಟಿಗೆ ಕಟ್ಟಿಕೊಂಡು ಹೋದೆ. ಅಕ್ಕನ ಕತ್ತಿನ ಗಾಯ ಮಾಗಿ ಸಣ್ಣ ಗೆರೆಯಾಗಿತ್ತು. ನನ್ನನ್ನು ನೋಡಿ ನಕ್ಕಳು, ಮಾತಾಡಲಿಲ್ಲ. ನಾನು ವೈರು ಸಿಕ್ಕಿಸುವಾಗ ಟಿವಿಯ ದನಿ ಇಳಿಸಿ, ಗೋಡೆಗೆ ಒರಗಿ ನನ್ನ ಹಿಂದೆ ಕೂತಳು. ಇವತ್ತು ಅವಳ ಕೈಯಲ್ಲಿ ಕೆಲಸವಿರಲಿಲ್ಲ.

ಕಾಡು ದಾಟಿದೆ, ಹಿಂದಿನಿಂದ ಸದ್ದಿಲ್ಲ. ನೀರು ದಾಟಿದೆ. ಕೇಳಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮೋಡದಲ್ಲಿ ಬೀಳಲಿಲ್ಲ, ಮಂಜಿನಲ್ಲಿ ಜಾರಲಿಲ್ಲ. ನನ್ನ ಕಾಲು ಅವತ್ತು ಕುಣಿಯುತ್ತಿರಲಿಲ್ಲ, ಆಮೇಲೆ ಗಮನಕ್ಕೆ ಬಂತು. ಕೋಟೆಯ ಬಾಗಿಲು ತೆರೆಯಿತು. ಕಬ್ಬಿಣದ ಗುಂಡು ತೂಗುತ್ತ ಬಂತು. ತಿರುಗಿ ನೋಡುವ ಹಾಗಿಲ್ಲ, ನೋಡಿದರೆ ಸತ್ತೆ. ಕಾದೆ. ಹಿಂದೆ ಉಸಿರಾಡುವ ಸದ್ದು ಮಾತ್ರ.

ಗತಿಯಿಲ್ಲದೆ ನಾನೇ ಶುರುಮಾಡಿದೆ. ನನ್ನ ಗಂಟಲು ದೇವರಿಗೇ ಪ್ರೀತಿ. ತಗ್ಗಿನಲ್ಲಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದೆ, ಮೇಲೆ ನಿಂತೆ, ಹಾರಿದೆ. ಮೊದಲ ಗುಂಡು ದಾಟಿತು. ಇಳಿಯುವುದು ಬರದೆ ಮತ್ತೆ ಅದನ್ನೇ ಹತ್ತಿದೆ. ಎರಡನೇ ಗುಂಡು ದಾಟಿತು. ಮೂರನೇ ಸಲ ಇಳಿಯುವ ಕಡೆ ಬಾಯಿಗೆ ಬಂದದ್ದನ್ನು ಏನೋ ಹೇಳಿದೆ.

"ಹಂಗಲ್ಲ ಕಣ್ಲಾ."

ಗಾಳಿ ಬೆರೆತ, ಸೀಳಿದ ದನಿ. ಅವಳದೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಆಮೇಲೆ ಅವಳು ಹಿಡಿದಳು. ತಗ್ಗಿನದು ಬಂತು, ಒರಟಾಗಿ. ಒಂದು ಮೆಟ್ಟಿಲು ಹತ್ತಿತು, ಇನ್ನೊಂದು ಹತ್ತಿತು. ನನ್ನ ಕಣ್ಣು ಮಂಜಾಗಿ ಗಿಡ್ಡ ಇಬ್ಬರಾಗಿ ಕಾಣಿಸಿದ. ದನಿ ಮೇಲೆ ಹೋಗುತ್ತಿದ್ದದ್ದು ಗಪ್ಪನೆ ನಿಂತಿತು. ದನಿ ನಿಂತರೆ ಹಾರು. ಹಾರಿದೆ.

ಕಬ್ಬಿಣದ ಗುಂಡು ನೇರ ಬಂದು ಹೊಡೆಯಿತು. ಗಿಡ್ಡ ಬಿದ್ದ, ದೀಪ ಆರಿತು, ಪರದೆ ಕಪ್ಪಾಯಿತು. ತಿರುಗಿ ನೋಡಿದೆ. ಅಕ್ಕನ ಬಾಯಿ ತೆರೆದೇ ಇತ್ತು, ಗಂಟಲ ಗೆರೆಯ ಕೆಳಗೆ ನರ ಉಬ್ಬಿ ಇನ್ನೂ ಅಲುಗಾಡುತ್ತಿತ್ತು. ಅವಳು ಕೈಯೆತ್ತಿ ಎದೆ ಒತ್ತಿಕೊಂಡು, ಉಸಿರು ಕೂಡಿಸಿಕೊಂಡು ನನ್ನನ್ನು ಬೈದಳು.

"ಅಲ್ಯಾಕ್ಲಾ ಹಾರ್ಬುಟ್ಟೆ? ನಾನಿನ್ನೂ ಹೇಳ್ತಾನೇ ಇದ್ನಲ್ಲ."

ಅವಳು ಮುಂದಕ್ಕೆ ಸರಿದು ಬಂದು, ರಿಮೋಟನ್ನು ನೆಲದಿಂದ ಎತ್ತಿ ನನ್ನ ಕೈಗಿಟ್ಟು, ನನ್ನ ಮಗ್ಗುಲಲ್ಲೇ ಕೂತಳು.

"ಮೊದ್ಲಿಂದ ಆಡು" ಎಂದಳು.

ಕಾಡು ಶುರುವಾಯಿತು. ಅವಳೂ ಶುರುಮಾಡಿದಳು.